ತುಕ್ಕು ಹಿಡಿದ ಸಸ್ಪೆನ್ಷನ್: ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬದಲಿಸಲೇಬೇಕು

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯಲ್ಲಿ, ಸಮುದ್ರದಿಂದ ಕೂಗಳತೆಯ ದೂರದಲ್ಲಿದೆ. ತಂದೆಯವರು 1999ರಲ್ಲಿ ಕೊಂಡ ಮಾರುತಿ 800 ಇನ್ನೂ ನಮ್ಮಲ್ಲಿದೆ. ಎಂಜಿನ್ ಚೆನ್ನಾಗಿದೆ, ಆದರೆ ಲೋವರ್ ಆರ್ಮ್, ಸ್ಟೆಬಿಲೈಜರ್ ರಾಡ್, ಕಾಯಿಲ್ ಸ್ಪ್ರಿಂಗ್, ಹಿಂದಿನ ಎಕ್ಸಲ್ ಎಲ್ಲಕ್ಕೂ ತುಕ್ಕು ಹಿಡಿದಿದೆ. ಎಲ್ಲವನ್ನೂ ಹೊಸದಾಗಿ ಹಾಕಿಸುವಷ್ಟು ಹಣವಿಲ್ಲ. ಮನೆಯಲ್ಲೇ ಬಿಚ್ಚಿ, ಆಸಿಡ್‌ನಲ್ಲಿ ನೆನೆಸಿ, ಬಣ್ಣ ಹಚ್ಚಿ ಮತ್ತೆ ಜೋಡಿಸಬಹುದೇ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಹೆಸರಿಸಿರುವ ನಾಲ್ಕು ಭಾಗಗಳಿಗೂ ಒಂದೇ ಉತ್ತರವಿಲ್ಲ. ಮುಂದಿನ ಚಕ್ರವನ್ನು ಕೆಳಗಿನಿಂದ ಕಾರಿನ ಒಡಲಿಗೆ ಜೋಡಿಸುವ ಲೋವರ್ ಆರ್ಮ್ ಮತ್ತು ಹಿಂದಿನ ಎಕ್ಸಲ್ ಸಾಮಾನ್ಯ ಮೆದು ಉಕ್ಕಿನವು. ಅವುಗಳಲ್ಲಿ ಲೋಹ ಸಾಕಷ್ಟು ಉಳಿದಿದ್ದರೆ ಮನೆಯಲ್ಲಿಯೇ, ಕಡಿಮೆ ಖರ್ಚಿನಲ್ಲಿ, ಇನ್ನೂ ಹಲವು ವರ್ಷ ಬಾಳುವಂತೆ ಸರಿಪಡಿಸಬಹುದು. ಸ್ಪ್ರಿಂಗ್ ಮತ್ತು ಸ್ಟೆಬಿಲೈಜರ್ ರಾಡ್ ಹದಗೊಳಿಸಿದ ಗಟ್ಟಿ ಉಕ್ಕಿನವು. ಅವನ್ನು ಆಸಿಡ್‌ಗೆ ಹಾಕಲೇಬಾರದು, ಕಾರಣವನ್ನು ಮುಂದೆ ಹೇಳುತ್ತೇನೆ. ತುಕ್ಕು ತೆಗೆಯುವುದರ ಮೊದಲ ಉದ್ದೇಶ ಅಂದ ತರುವುದಲ್ಲ, ಅದರ ಅಡಿಯಲ್ಲಿ ಎಷ್ಟು ಲೋಹ ಉಳಿದಿದೆ ಎಂದು ಕಣ್ಣಾರೆ ಕಾಣುವುದು. ಆದ್ದರಿಂದ ಬಣ್ಣದ ಡಬ್ಬಿ ಕೊಳ್ಳುವ ಮೊದಲು ಪರೀಕ್ಷೆ ಮುಗಿಯಬೇಕು.

ಭಾಗಗಳನ್ನು ಬಿಚ್ಚುವುದಕ್ಕೆ ಮೊದಲೇ ಪರೀಕ್ಷೆ ಆರಂಭಿಸಬಹುದು. ಕಾರಿನ ಅಡಿಭಾಗವನ್ನು ನೀರಿನ ರಭಸದಿಂದ ಚೆನ್ನಾಗಿ ತೊಳೆದು, ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಆರ್ಮ್‌ನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಟಣ್ ಎಂದು ಸ್ಪಷ್ಟವಾಗಿ ಮರುನುಡಿಯುತ್ತದೆ. ತುಕ್ಕು ಒಳಗೆ ಇಳಿದಿರುವ ಕಡೆ ಸದ್ದು ಮಂದವಾಗುತ್ತದೆ, ಪದರಗಳು ಉದುರುತ್ತವೆ. ಅಂಥ ಜಾಗದಲ್ಲಿ ಹಳೆಯ ಸ್ಕ್ರೂ ಡ್ರೈವರ್‌ನ ತುದಿಯನ್ನು ಒತ್ತಿ ನೋಡಿ. ತುದಿ ಒಳಕ್ಕೆ ಹೋದರೆ ಆ ಭಾಗದ ಆಯುಸ್ಸು ಮುಗಿದಿದೆ. ಆದರೆ ದಪ್ಪ ಪದರ ಎದ್ದಿರುವುದನ್ನು ಕಂಡ ಕೂಡಲೇ ಎದೆಗುಂದಬೇಕಾಗಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ, ಎರಡು ಮೂರು ಮಿಲಿಮೀಟರ್ ದಪ್ಪದ ಚಕ್ಕೆಯ ಕೆಳಗೆ ನಿಜವಾಗಿ ನಷ್ಟವಾದದ್ದು ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಊಹೆಯ ಬದಲು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ನ ಮರೆಯಲ್ಲೋ ದಪ್ಪ ಗ್ರೀಸ್‌ನ ಅಡಿಯಲ್ಲೋ ಮೂಲ ಲೋಹ ಹಾಗೆಯೇ ಉಳಿದಿರುವ ಜಾಗವೊಂದು ಸಿಕ್ಕೇ ಸಿಗುತ್ತದೆ. ಅಲ್ಲಿನ ಅಳತೆಯನ್ನು ತುಕ್ಕು ಹಿಡಿದ ಜಾಗದ ಅಳತೆಯೊಂದಿಗೆ ಹೋಲಿಸಿದರೆ ಸತ್ಯ ತಿಳಿಯುತ್ತದೆ.

ಲೋವರ್ ಆರ್ಮ್‌ನಲ್ಲಿ ತೂತು, ಬಿರುಕು, ಬಾಗು ಕಂಡರೆ, ಅಥವಾ ಬಾಲ್ ಜಾಯಿಂಟ್ (ಆರ್ಮ್ ಅನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ಕೂರುವ ಜಾಗದ ಸುತ್ತ ಲೋಹ ತೆಳುವಾಗಿದ್ದರೆ, ಅದರ ಮೇಲೆ ಶ್ರಮ ಹಾಕಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಹಚ್ಚಿಸಿ ಬಳಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಬೆಸುಗೆಯ ಅಂಚಿನಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ, ಮತ್ತು ಅದು ಒಡೆಯುವುದು ಕಾರು ಓಡುತ್ತಿರುವಾಗ. 800ರ ಉತ್ಪಾದನೆ 2014ರಲ್ಲಿ ನಿಂತಿದ್ದರೂ ಬಾಲ್ ಜಾಯಿಂಟ್ ಸಹಿತವಾದ ಲೋವರ್ ಆರ್ಮ್ ಬಿಡಿಭಾಗಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ದುಬಾರಿಯಲ್ಲ. ನಿಮ್ಮ ಆರ್ಮ್‌ನ ಲೋಹ ಚೆನ್ನಾಗಿದ್ದು ಬಾಲ್ ಜಾಯಿಂಟ್ ಸಡಿಲವಾಗಿದ್ದರೂ ಹೊಸ ಜೋಡಿಯನ್ನು ಕೊಳ್ಳುವುದೇ ಲಾಭ. ಆಗ ಹೊಸದನ್ನು ಹಾಕುವ ಮೊದಲು ಅದಕ್ಕೇ ಒಂದು ಕೋಟ್ ಒಳ್ಳೆಯ ಪ್ರೈಮರ್ ಹಚ್ಚಿ, ಏಕೆಂದರೆ ಕಡಿಮೆ ಬೆಲೆಯ ಭಾಗಗಳಿಗೆ ಹಚ್ಚಿರುವ ತೆಳುವಾದ ಕಪ್ಪು ಬಣ್ಣ ಕರಾವಳಿಯ ಗಾಳಿಗೆ ಹೆಚ್ಚು ಕಾಲ ನಿಲ್ಲುವುದಿಲ್ಲ.

ಸ್ಟೆಬಿಲೈಜರ್ ರಾಡ್‌ನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅನೇಕ ಕಾರುಗಳಲ್ಲಿ ಈ ರಾಡ್‌ಗೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕೆಲಸವಷ್ಟೇ ಇರುತ್ತದೆ. 800ರಲ್ಲಿ ಹಾಗಲ್ಲ. ಇಲ್ಲಿ ರಾಡ್‌ನ ಎರಡು ತುದಿಗಳು ಲೋವರ್ ಆರ್ಮ್‌ಗಳ ಒಳಗೆ ಹಾದು, ಮುಂದಿನ ಚಕ್ರಗಳು ಹಿಂದಕ್ಕೂ ಮುಂದಕ್ಕೂ ಸರಿಯದಂತೆ ಹಿಡಿದಿರುತ್ತವೆ. ಬ್ರೇಕ್ ಒತ್ತಿದಾಗ ಚಕ್ರದ ಹಿಂದೊತ್ತನ್ನು ತಡೆಯುವುದು ಇದೇ ರಾಡ್. ಆದ್ದರಿಂದ ಅದರ ತುದಿಯ ಮರೆಗಳು (ನಟ್ ಕೂರುವ ತಿರುಪಿನ ಗೆರೆಗಳು) ಮತ್ತು ಬುಷ್‌ನ ಕೆಳಗಿನ ಭಾಗವನ್ನು ಬಹಳ ಎಚ್ಚರಿಕೆಯಿಂದ ನೋಡಿ. ಬುಷ್‌ನ ಅಂಚಿನಲ್ಲಿ ಉಪ್ಪುನೀರು ನಿಂತು, ಹೊರಗಿನಿಂದ ಕಾಣದ ಹಾಗೆ ರಾಡ್‌ನ ಸುತ್ತ ಉಂಗುರದಂತೆ ತಿಂದುಹಾಕುವುದು ಇಲ್ಲಿ ಸಾಮಾನ್ಯ. ಬುಷ್ ಜರುಗಿಸಿ ನೋಡದೆ ರಾಡ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ.

ಸ್ಪ್ರಿಂಗ್‌ನ ಲೆಕ್ಕವೂ ಇಂಥದೇ. ಸ್ಪ್ರಿಂಗ್‌ನ ತಂತಿ ತಿರುಚುವ ಬಲವನ್ನು ಹೊರುತ್ತದೆ, ಮತ್ತು ಆ ಒತ್ತಡ ತಂತಿಯ ವ್ಯಾಸದ ಘನಕ್ಕೆ ವಿಲೋಮವಾಗಿ ಏರುತ್ತದೆ. ಅಂದರೆ 10 ಮಿಲಿಮೀಟರ್ ದಪ್ಪವಿದ್ದ ತಂತಿ ಸವೆದು 9 ಮಿಲಿಮೀಟರ್ ಆದರೆ ಅದೇ ಭಾರಕ್ಕೆ ಒತ್ತಡ ಸುಮಾರು ಶೇ. 37ರಷ್ಟು ಹೆಚ್ಚುತ್ತದೆ. ಇದರ ಜೊತೆಗೆ ಪ್ರತಿಯೊಂದು ಕುಳಿಯ ತಳದಲ್ಲಿ ಒತ್ತಡ ಒಟ್ಟುಗೂಡಿ ಬಿರುಕಿಗೆ ಬೀಜವಾಗುತ್ತದೆ. ಬೆರಳು ಸವರಿದಾಗ ನಯವಾಗಿದ್ದು ಬಣ್ಣವಷ್ಟೇ ಹೋಗಿ ಕೆಂಪಾಗಿರುವ ಸ್ಪ್ರಿಂಗ್ ಅನ್ನು ಉಜ್ಜಿ ಉಳಿಸಿಕೊಳ್ಳಿ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಕುಳಿಗಳಿದ್ದರೆ, ಮುಖ್ಯವಾಗಿ ಕೆಳಗಿನ ಬಟ್ಟಲಿನಲ್ಲಿ ಕೂರುವ ಕೊನೆಯ ಸುತ್ತಿನಲ್ಲಿ, ಎರಡೂ ಬದಿಯ ಸ್ಪ್ರಿಂಗ್‌ಗಳನ್ನು ಒಟ್ಟಿಗೆ ಬದಲಿಸಿ. ಶಾಕ್ ಅಬ್ಸಾರ್ಬರ್‌ನ ಹೊಳೆಯುವ ದಂಡದಲ್ಲಿ ತುಕ್ಕಿನ ಚುಕ್ಕೆ ಎದ್ದಿದ್ದರೆ ಅದಕ್ಕೆ ಮನೆಮದ್ದಿಲ್ಲ, ಉಜ್ಜಿದರೂ ಒರಟು ಉಳಿದು ಸೀಲನ್ನು ಹರಿಯುತ್ತದೆ.

ಇನ್ನು ಬಿಚ್ಚುವ ಕೆಲಸ. ಕಾರಿನ ತೂಕ ಸುಮಾರು 650 ಕಿಲೋ ಮಾತ್ರ ಎಂಬ ಸಲುಗೆ ಬೇಡ. ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಗಟ್ಟಿ ನೆಲದ ಮೇಲೆ ಒಂದು ಜೊತೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಕಾರನ್ನು ಇಳಿಸಿದ ಬಳಿಕವೇ ಅಡಿಗೆ ಹೋಗಬೇಕು. ಕೆಂಪುಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳನ್ನು ಆಧಾರವಾಗಿ ಇಡಬೇಡಿ, ಅವು ಸೂಚನೆ ಕೊಡದೆ ಪುಡಿಯಾಗುತ್ತವೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಹಾಗಾಗಿ ಹಿಂಭಾಗವನ್ನು ಎತ್ತಿದಾಗ ಅದರಿಂದ ಪ್ರಯೋಜನವಿಲ್ಲ. ಕಾರನ್ನು ಗೇರ್‌ನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಮುಂಭಾಗದ ಸ್ಟ್ರಟ್‌ನಿಂದ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಣೆ) ಸ್ಪ್ರಿಂಗ್ ಬೇರ್ಪಡಿಸುವ ಒಂದು ಕೆಲಸವನ್ನು ಮಾತ್ರ ಗ್ಯಾರೇಜಿಗೆ ಬಿಡಿ. ಅಲ್ಲಿ ಸ್ಪ್ರಿಂಗ್ ಕಂಪ್ರೆಸರ್ ಇರುತ್ತದೆ, ಸ್ಟ್ರಟ್ ಅನ್ನು ಕೈಯಲ್ಲಿ ಒಯ್ದು ಕೊಟ್ಟರೆ ಕೂಲಿಯೂ ಅಲ್ಪವೇ. ಅದುಮಿಟ್ಟ ಸ್ಪ್ರಿಂಗ್ ಹಗ್ಗ ತಂತಿಗಳ ಕಟ್ಟಿನಿಂದ ಸಿಡಿದರೆ ಜೀವಕ್ಕೇ ಅಪಾಯ.

ಕಚ್ಚಿಕೊಂಡಿರುವ ಬೋಲ್ಟ್‌ಗಳಿಗೆ ಅವಸರ ಮದ್ದಲ್ಲ. ಮರೆಗಳ ಹೊರಭಾಗವನ್ನು ಮೊದಲು ವೈರ್ ಬ್ರಷ್‌ನಿಂದ ಉಜ್ಜಿ, ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದು ಮತ್ತೆ ಬಿಡಿ. ನಟ್ಟಿನ ಬದಿಗೆ ಸುತ್ತಿಗೆಯಿಂದ ಹದವಾಗಿ ಬಡಿದರೆ ಎಣ್ಣೆ ಒಳಗೆ ಇಳಿಯುತ್ತದೆ. ಮೊದಲು ತುಸು ಬಿಗಿಯುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸುವುದು ನುರಿತ ಮೆಕ್ಯಾನಿಕರ ಕ್ರಮ. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟಾಗಿಸುತ್ತದೆ. ಎಣ್ಣೆ ಬಿಟ್ಟ ಜಾಗಕ್ಕೆ, ರಬ್ಬರ್ ಬುಷ್ ಇರುವಲ್ಲಿಗೆ, ಬ್ರೇಕ್ ಪೈಪಿನ ಹತ್ತಿರಕ್ಕೆ ಬೆಂಕಿ ತರಬೇಡಿ. ಬಿಚ್ಚುವ ಪ್ರತಿ ಹಂತದಲ್ಲಿ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ವಾಷರ್ ಯಾವ ಮುಖವಾಗಿ ಕೂತಿತ್ತು ಎಂಬುದು ವಾರದ ಬಳಿಕ ಯಾರಿಗೂ ನೆನಪಿರುವುದಿಲ್ಲ.

ತುಕ್ಕು ತೆಗೆಯುವ ದಾರಿಗಳಲ್ಲಿ ಎಲ್ಲ ಭಾಗಗಳಿಗೂ ಒಪ್ಪುವುದು ಉಜ್ಜುವುದೊಂದೇ. ಚಕ್ಕೆಗಳನ್ನು ಹಳೆಯ ಉಳಿಯಿಂದ ಕೆರೆದು, ಕೈ ಬ್ರಷ್‌ನಿಂದ ತಿಕ್ಕಿ, ನಂತರ ಆಂಗಲ್ ಗ್ರೈಂಡರ್‌ಗೆ ವೈರ್ ಕಪ್ ಹಾಕಿ ಉಜ್ಜಿ. ವೈರ್ ಕಪ್‌ನ ಮೇಲೆ ಬರೆದಿರುವ ಗರಿಷ್ಠ ವೇಗ ಗ್ರೈಂಡರ್‌ನ ವೇಗಕ್ಕಿಂತ ಕಡಿಮೆ ಇರಕೂಡದು. ನಾಲ್ಕಿಂಚಿನ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಆ ವೇಗದಲ್ಲಿ ಕಿತ್ತುಬರುವ ಒಂದೊಂದು ತಂತಿಯೂ ಸೂಜಿಯಂತೆ ಚುಚ್ಚುತ್ತದೆ. ಕನ್ನಡಕ ಸಾಲದು, ಮುಖ ಮುಚ್ಚುವ ಶೀಲ್ಡ್, ದಪ್ಪ ಬಟ್ಟೆ, ಧೂಳಿಗೆ ಮಾಸ್ಕ್ ಮೂರೂ ಬೇಕು. ಸ್ಪ್ರಿಂಗ್ ಮತ್ತು ಸ್ಟೆಬಿಲೈಜರ್ ರಾಡ್‌ಗಳಿಗೆ ವೈರ್ ಬ್ರಷ್ ಮತ್ತು ಎಮರಿ ಕಾಗದ ಮಾತ್ರ ಬಳಸಿ. ಕೊರೆಯುವ ಕಲ್ಲಿನ ಚಕ್ರವನ್ನು ಅವುಗಳಿಗೆ ತಾಗಿಸಿದರೆ ಉಳಿಯುವ ಅಡ್ಡಗೀರು ತುಕ್ಕಿನ ಕುಳಿಯಷ್ಟೇ ಅಪಾಯಕಾರಿ.

ಈಗ ಆಸಿಡ್‌ನ ಮಾತು. ಆಮ್ಲ ತುಕ್ಕನ್ನು ಕರಗಿಸುವುದರ ಜೊತೆಗೆ ಕಬ್ಬಿಣದೊಂದಿಗೂ ವರ್ತಿಸಿ ಜಲಜನಕವನ್ನು ಹುಟ್ಟಿಸುತ್ತದೆ. ಅದರ ಒಂದಂಶ ಅನಿಲವಾಗಿ ಹೋಗದೆ ಲೋಹದೊಳಗೆ ಸೇರಿಕೊಳ್ಳುತ್ತದೆ. ಮೆದು ಉಕ್ಕಿಗೆ ಇದರಿಂದ ಹಾನಿಯಿಲ್ಲ, ಆದರೆ ಹದಗೊಳಿಸಿದ ಗಟ್ಟಿ ಉಕ್ಕು ಪೆಡಸಾಗಿ, ಭಾರ ಬಿದ್ದಾಗ ಬಾಗದೆ ಏಕಾಏಕಿ ಮುರಿಯುತ್ತದೆ. ಸ್ಪ್ರಿಂಗ್, ಸ್ಟೆಬಿಲೈಜರ್ ರಾಡ್, ತಲೆಯ ಮೇಲೆ 10.9 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿಯಿರುವ ಬೋಲ್ಟ್‌ಗಳನ್ನು ಆಮ್ಲಕ್ಕೂ ಮುಂದೆ ಹೇಳುವ ವಿದ್ಯುತ್ ತೊಟ್ಟಿಗೂ ಹಾಕಬಾರದು ಎನ್ನುವುದು ಇದೇ ಕಾರಣಕ್ಕೆ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಅಗ್ಗವೆಂದು ಅನೇಕರು ಬಳಸುತ್ತಾರೆ. ಅದನ್ನು ಮೆದು ಉಕ್ಕಿಗೂ ಬೇಡವೆನ್ನುತ್ತೇನೆ. ಅದರ ಆವಿ ಶ್ವಾಸಕೋಶವನ್ನು ಸುಡುತ್ತದೆ, ಅಕ್ಕಪಕ್ಕದ ಸ್ಪ್ಯಾನರ್‌ಗಳಿಗೆಲ್ಲ ತುಕ್ಕು ತರುತ್ತದೆ, ಮತ್ತು ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡನ್ನೇ ಲೋಹದ ಕುಳಿಗಳಲ್ಲಿ ಬಿಟ್ಟುಹೋಗುತ್ತದೆ.

ಲೋವರ್ ಆರ್ಮ್, ಬ್ರಾಕೆಟ್, ಸ್ಪ್ರಿಂಗ್ ಬಟ್ಟಲುಗಳಂಥ ಮೆದು ಉಕ್ಕಿನ ಭಾಗಗಳಿಗೆ ಸಿಟ್ರಿಕ್ ಆಮ್ಲ ಸಾಕು. ದಿನಸಿ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಸಿಗುವುದು ಇದೇ. ಹತ್ತು ಲೀಟರ್ ನೀರಿಗೆ ಅರ್ಧದಿಂದ ಒಂದು ಕಿಲೋ ಬೆರೆಸಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಭಾಗ ಪೂರ್ತಿ ಮುಳುಗುವಂತೆ ಇಡಿ. ಅರ್ಧ ಮುಳುಗಿದರೆ ನೀರಿನ ಮಟ್ಟದಲ್ಲಿಯೇ ಗೆರೆ ಕೊರೆಯುತ್ತದೆ. ಇಡುವ ಮೊದಲು ಎಣ್ಣೆ, ಗ್ರೀಸ್ ಹೋಗುವಂತೆ ಪಾತ್ರೆ ಸೋಪಿನಿಂದ ತೊಳೆಯಬೇಕು, ಬುಷ್ ಮತ್ತು ಬಾಲ್ ಜಾಯಿಂಟ್ ತೆಗೆದಿರಬೇಕು. ಬಾಲ್ ಜಾಯಿಂಟ್ ತೆಗೆಯಲು ಬಾರದಂತಿದ್ದರೆ ಆ ಆರ್ಮ್ ಅನ್ನು ಮುಳುಗಿಸದೆ ಉಜ್ಜಿಯೇ ಮುಗಿಸಿ. ಮೂರು ನಾಲ್ಕು ಗಂಟೆಗೊಮ್ಮೆ ಎತ್ತಿ, ಮೆತ್ತಗಾದ ಕಪ್ಪು ಲೇಪವನ್ನು ಬ್ರಷ್‌ನಿಂದ ತಿಕ್ಕಿ, ಮತ್ತೆ ಇಡಿ. ಬೂದುಬಣ್ಣದ ಲೋಹ ಕಂಡ ಮೇಲೆ ತೊಟ್ಟಿಯಲ್ಲಿ ಇಡಬೇಡಿ, ಅಲ್ಲಿಂದ ಮುಂದೆ ಆಮ್ಲ ತಿನ್ನುವುದು ನಿಮ್ಮ ಕಬ್ಬಿಣವನ್ನೇ. ಹಿತ್ತಾಳೆ ಪಾತ್ರೆಗೆ ಬಳಸುವ ಹುಣಸೆಹಣ್ಣು ಇಲ್ಲಿಯೂ ಕೆಲಸ ಮಾಡುತ್ತದೆಯೇ ಎಂದು ಕೆಲವರು ಕೇಳುವುದುಂಟು. ಅದರ ಟಾರ್ಟಾರಿಕ್ ಆಮ್ಲ ತುಕ್ಕನ್ನು ಸಡಿಲಿಸುತ್ತದೆ, ಸಣ್ಣ ಬ್ರಾಕೆಟ್‌ಗೆ ಸಾಕು, ಆದರೆ ಆರ್ಮ್ ಮುಳುಗುವಷ್ಟು ಹುಣಸೆ ನೀರಿಗಿಂತ ನಿಂಬೆ ಉಪ್ಪೇ ಅಗ್ಗ.

ಮನೆಯಲ್ಲಿ ಹಳೆಯ ಬ್ಯಾಟರಿ ಚಾರ್ಜರ್ ಇದ್ದರೆ ವಿದ್ಯುತ್ ವಿಧಾನ ಇನ್ನೂ ಒಳ್ಳೆಯದು, ಏಕೆಂದರೆ ಅದು ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ಹತ್ತು ಲೀಟರ್ ನೀರಿಗೆ 100ರಿಂದ 150 ಗ್ರಾಂ ವಾಷಿಂಗ್ ಸೋಡಾ ಬೆರೆಸಿ, ತೊಟ್ಟಿಯ ಸುತ್ತ ಕಟ್ಟಡದ ಸರಳಿನ ತುಂಡುಗಳನ್ನು ನಿಲ್ಲಿಸಿ ಚಾರ್ಜರ್‌ನ ಪ್ಲಸ್ ತಂತಿಗೆ ಸೇರಿಸಿ, ನಡುವೆ ತೂಗುಬಿಟ್ಟ ಭಾಗವನ್ನು ಮೈನಸ್‌ಗೆ ಸೇರಿಸಬೇಕು. ತಂತಿ ಅದಲುಬದಲಾದರೆ ಕರಗುವುದು ನಿಮ್ಮ ಆರ್ಮ್. ಸರಳಿನ ಬದಲು ಸ್ಟೀಲ್ ಚಮಚ, ತಟ್ಟೆಗಳನ್ನು ಬಳಸಕೂಡದು, ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗುಳ್ಳೆಯಾಗಿ ಬರುವುದು ಜಲಜನಕವಾದ್ದರಿಂದ ತೆರೆದ ಜಗಲಿಯಲ್ಲಿ, ಬೀಡಿ, ಒಲೆ, ಕಿಡಿಗಳಿಂದ ದೂರದಲ್ಲಿ ಇಡಿ. ಚಾರ್ಜರ್ ಆರಿಸಿದ ಮೇಲಷ್ಟೇ ತಂತಿ ಮುಟ್ಟಿ.

ಸಮುದ್ರದ ಹತ್ತಿರ ಇರುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದರ ನಂತರದ ಹಂತಕ್ಕೆ. ಹೊಳೆಯುವಂತೆ ಉಜ್ಜಿ ಬಣ್ಣ ಹಚ್ಚಿದರೂ ಆರೇ ತಿಂಗಳಲ್ಲಿ ಗುಳ್ಳೆ ಏಳುವುದಕ್ಕೆ ಬಹುಮಟ್ಟಿಗೆ ಕಾರಣ ಕುಳಿಗಳ ತಳದಲ್ಲಿ ಉಳಿದ ಉಪ್ಪು. ಅದು ಕಣ್ಣಿಗೆ ಕಾಣದು, ಬ್ರಷ್‌ಗೂ ಸಿಗದು, ನೀರಿಗೆ ಮಾತ್ರ ಕರಗುತ್ತದೆ. ಆದ್ದರಿಂದ ಉಜ್ಜಿದ ಭಾಗವನ್ನು ಬಿಸಿನೀರಿನಲ್ಲಿ ನೆನೆಸಿ, ತಿಕ್ಕಿ, ನೀರು ಬದಲಿಸಿ ಹಲವು ಬಾರಿ ತೊಳೆಯಬೇಕು. ಕಡಲ ಬದಿಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದು ನಿಮಗೆ ಗೊತ್ತಿದ್ದದ್ದೇ. ಆ ನೀರಿನಲ್ಲಿ ತೊಳೆದರೆ ತೆಗೆದ ಉಪ್ಪನ್ನು ಮತ್ತೆ ಹಾಕಿದಂತೆ. ಕೊನೆಯ ತೊಳೆತಕ್ಕೆ ಹಿಡಿದಿಟ್ಟ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಆಮ್ಲದಲ್ಲಿ ಇಟ್ಟ ಭಾಗವಾದರೆ ಅದಕ್ಕೂ ಮೊದಲು ಅಡುಗೆ ಸೋಡಾ ನೀರಿನಲ್ಲಿ ಅದ್ದಿ ಆಮ್ಲವನ್ನು ತಣಿಸಿ. ತೊಳೆದ ಲೋಹ ನಿಮಿಷಗಳಲ್ಲಿ ತಿಳಿ ಕೆಂಪಿಗೆ ತಿರುಗತೊಡಗುವುದರಿಂದ ಕೂಡಲೇ ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್‌ನ ಬಿಸಿಗಾಳಿಯಿಂದ ಒಣಗಿಸಿ.

ಉಜ್ಜಲು ಸಿಗದ ಸಂದುಗಳಿಗೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ತೆಳುವಾಗಿ ಅಂಟಿಕೊಂಡ ತುಕ್ಕನ್ನು ಗಟ್ಟಿ ಪದರವಾಗಿಸುತ್ತದೆಯೇ ಹೊರತು ಸಡಿಲ ಚಕ್ಕೆಗಳನ್ನಲ್ಲ. ಆಮ್ಲೀಯವಾದ್ದರಿಂದ ಸ್ಪ್ರಿಂಗ್‌ಗೂ ರಾಡ್‌ಗೂ ಅದು ಬೇಡ.

ಉಳಿಸಿದ ಹಣವನ್ನು ಪ್ರೈಮರ್ ಮೇಲೆ ಖರ್ಚು ಮಾಡಿ. ರೆಡ್ ಆಕ್ಸೈಡ್ ಅಗ್ಗ, ಗೇಟು ಕಿಟಕಿಗಳಿಗೆ ತಕ್ಕದ್ದು. ಆದರೆ ಉಪ್ಪುನೀರು ಚಿಮ್ಮುವ ಜಾಗದಲ್ಲಿ ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಪ್ರೈಮರ್‌ಗೆ ಅದು ಸಾಟಿಯಲ್ಲ. ಎಪಾಕ್ಸಿಗೆ ಬಿಸಿಲು ಆಗದು ಎಂಬ ದೋಷ ಕಾರಿನ ಅಡಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಡಬ್ಬಿಯ ಮೇಲಿರುವ ಅಳತೆಯಂತೆಯೇ ಹಾರ್ಡ್‌ನರ್ ಬೆರೆಸಿ, ಎರಡು ಕೋಟ್‌ಗಳನ್ನು ಬ್ರಷ್‌ನಿಂದಲೇ ಹಚ್ಚಿ. ಬಣ್ಣ ನಿಲ್ಲದೆ ಜಾರುವ ಚೂಪು ಅಂಚುಗಳಿಗೆ ಇನ್ನೊಂದು ಕೈ ಹೆಚ್ಚು. ಮೇಲೆ ಕಪ್ಪು ಎನಾಮಲ್ ಸಾಕು. ಹಾರ್ಡ್‌ನರ್ ಬೆರೆಸುವ ಪಾಲಿಯುರೆಥೇನ್ ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ, ಅದರ ಐಸೊಸಯನೇಟ್ ತುಂತುರಿಗೆ ಸಾಮಾನ್ಯ ಮಾಸ್ಕ್ ತಡೆಯಾಗದು. ಕಾಲದ ವಿಷಯದಲ್ಲಿ ರಾಜಿ ಬೇಡ. ಗಾಳಿಯ ತೇವಾಂಶ ಶೇ. 85ನ್ನು ಮೀರಿದಾಗ ಬಣ್ಣ ಹಚ್ಚಬಾರದು ಎಂಬುದು ಕೈಗಾರಿಕೆಯ ಸಾಮಾನ್ಯ ನಿಯಮ, ಕರಾವಳಿಯ ಮಳೆಗಾಲದ ದಿನಗಳು ಆ ಮಿತಿಯ ಆಚೆಗೇ ಇರುತ್ತವೆ. ದೀಪಾವಳಿ ಕಳೆದ ಮೇಲೆ, ಇಬ್ಬನಿ ಆರಿದ ಬೆಳಗಿನಿಂದ ಮಧ್ಯಾಹ್ನದೊಳಗೆ ಹಚ್ಚುವುದು ಲೇಸು. ಮರೆಗಳು, ಬೋಲ್ಟ್ ಬಿಗಿಯುವ ಮುಖಗಳು, ಬಾಲ್ ಜಾಯಿಂಟ್‌ನ ರಂಧ್ರ, ರಬ್ಬರ್ ಭಾಗಗಳಿಗೆ ಮೊದಲೇ ಟೇಪ್ ಸುತ್ತಿಡಿ. ಬಿಗಿಯುವ ಮುಖದ ಮೇಲೆ ಉಳಿದ ದಪ್ಪ ಬಣ್ಣ ದಿನ ಕಳೆದಂತೆ ನಲುಗಿ ಬೋಲ್ಟ್ ಸಡಿಲಾಗುತ್ತದೆ.

ಜೋಡಿಸುವಾಗ ಹಳೆಯ ಬುಷ್‌ಗಳನ್ನು ಮತ್ತೆ ಹಾಕಬೇಡಿ. ಹೊಸ ಬುಷ್‌ಗಳನ್ನು ಸೋಪಿನ ನೀರು ಸವರಿ ವೈಸ್‌ನಲ್ಲಿ ಒತ್ತಿ ಕೂರಿಸಿ. ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ. ಸ್ಪ್ಲಿಟ್ ಪಿನ್, ಲಾಕ್ ನಟ್‌ಗಳು ಹೊಸವೇ ಆಗಿರಲಿ, ಬೋಲ್ಟ್‌ಗಳನ್ನು ಬದಲಿಸುವುದಾದರೆ ಮೊದಲಿದ್ದ ದರ್ಜೆಯವನ್ನೇ ಹಾಕಿ. ಬುಷ್‌ನ ಬೋಲ್ಟ್‌ಗಳನ್ನು ಚಕ್ರ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕ, ಬಿಗಿಯ ಬಲವನ್ನು ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹಿಂದಿನ ಎಕ್ಸಲ್ ಕಳಚಿದಾಗ ಅದರ ಮೇಲೆ ಹಾದ ಬ್ರೇಕ್ ಪೈಪ್‌ಗಳನ್ನು ಕ್ಲಿಪ್‌ಗಳ ಅಡಿಯಲ್ಲಿ ನೋಡಿ. ಅಲ್ಲಿ ತುಕ್ಕು ಕಂಡರೆ ಉಜ್ಜಿ ಬಣ್ಣ ಹಚ್ಚುವ ವಿಚಾರವನ್ನೇ ಬಿಟ್ಟು ಪೈಪ್ ಬದಲಿಸಿ, ಬ್ರೇಕ್‌ನ ಗಾಳಿ ತೆಗೆಸುವ ಕೆಲಸವನ್ನು ಅನುಭವಿಗಳಿಂದ ಮಾಡಿಸಿ.

ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಹಳೆಯ ಎಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮ ಕಡೆ ಇದೆ. ನೀವು ಹೊಸದಾಗಿ ಹಾಕಿದ ಬುಷ್‌ಗಳನ್ನು ಅದು ಮೊದಲು ಹಾಳುಮಾಡುತ್ತದೆ, ಉಳಿದದ್ದು ತೊಳೆದು ಬಾವಿಯ ಕಡೆಗೆ ಹರಿಯುತ್ತದೆ. ಅದರ ಬದಲು ಟೊಳ್ಳು ಭಾಗಗಳೊಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ನೀರು ಬಸಿಯುವ ರಂಧ್ರಗಳು ಮುಚ್ಚದಂತೆ ನೋಡಿಕೊಳ್ಳಿ. ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮೊದಲು ಊರೊಳಗೆ ನಿಧಾನವಾಗಿ ಓಡಿಸಿ, ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆಯೇ, ಗುಂಡಿಯಲ್ಲಿ ಟಕ್ ಎಂಬ ಸದ್ದು ಬರುತ್ತದೆಯೇ ಎಂದು ಗಮನಿಸಿ. ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಹೆದ್ದಾರಿಗೆ ಆಮೇಲೆ ಇಳಿಸಿ.